ಮಾಲ್ಟಾದ ಕುಲೀನ ಪದವಿಗಳು: ಇತಿಹಾಸ ಮತ್ತು ಉತ್ತರಾಧಿಕಾರ

ಮೆಡಿಟರೇನಿಯನ್ ಸಮುದ್ರದ ನಡುವಿನ ದ್ವೀಪರಾಷ್ಟ್ರವಾದ ಮಾಲ್ಟಾದಲ್ಲಿ ವಂಶಪಾರಂಪರ್ಯವಾಗಿ ಬಂದಿರುವ ಬ್ಯಾರನ್, ಕೌಂಟ್ ಮತ್ತು ಮಾರ್ಕ್ವಿಸ್ ಪದವಿಗಳ ಸಮೂಹಕ್ಕೆ ಮಾಲ್ಟಾದ ಕುಲೀನ ಪದವಿಗಳು ಎಂದು ಹೆಸರು. ಮಾಲ್ಟೀ ಭಾಷೆಯಲ್ಲಿ ಇವನ್ನು ಬರೂನಿ, ಕೊಂತಿ, ಮರ್ಕೀಸ್ ಎನ್ನುತ್ತಾರೆ. ಇವುಗಳಲ್ಲಿ ಅತ್ಯಂತ ಹಳೆಯದು 1350ರದು. ಹೆಚ್ಚಿನವು 18ನೆಯ ಶತಮಾನದಲ್ಲಿ ಹುಟ್ಟಿದವು. ಸಿಸಿಲಿಯ ಅರಸರು, ಸಂತ ಜಾನ್ ಪಂಥದ ಗ್ರ್ಯಾಂಡ್ ಮಾಸ್ಟರ್‌ಗಳು, ಸ್ಪೇನಿನ ದೊರೆಗಳು, ಪೋಪರು ಹೀಗೆ ಬೇರೆ ಬೇರೆ ಒಡೆಯರು ಬೇರೆ ಬೇರೆ ಕಾಲದಲ್ಲಿ ಇವನ್ನು ಕೊಟ್ಟಿದ್ದಾರೆ. ಆದ್ದರಿಂದ ಎಲ್ಲ ಪದವಿಗಳಿಗೂ ಅನ್ವಯಿಸುವ ಒಂದೇ ಉತ್ತರಾಧಿಕಾರ ನಿಯಮ ಇಲ್ಲಿಲ್ಲ. ಪದವಿ ಯಾರಿಗೆ ಸಲ್ಲಬೇಕೆಂಬುದನ್ನು ಮೊದಲು ತೀರ್ಮಾನಿಸುವುದು ಆಯಾ ಪದವಿಯ ಮೂಲ ಸನ್ನದಿನ ಒಕ್ಕಣೆ. ಮಾಲ್ಟಾ ಗಣರಾಜ್ಯವು 1975ರಿಂದ ಈ ಪದವಿಗಳಿಗೆ ಯಾವ ಅಧಿಕೃತ ಮಾನ್ಯತೆಯನ್ನೂ ಕೊಡುವುದಿಲ್ಲ.

ಮಧ್ಯಯುಗದ ಹಿನ್ನೆಲೆ

1091ರಲ್ಲಿ ನಾರ್ಮನ್ ಕೌಂಟ್ ರೋಜರ್ ಮಾಲ್ಟಾಕ್ಕೆ ದಂಡೆತ್ತಿ ಬಂದ. ಅವನ ಮಗ ಎರಡನೆಯ ರೋಜರ್ 1127ರಲ್ಲಿ ದ್ವೀಪವನ್ನು ಗಟ್ಟಿಯಾಗಿ ಕೈವಶ ಮಾಡಿಕೊಂಡ. ಅಲ್ಲಿಂದ ಮುಂದೆ ಮಾಲ್ಟಾ ಸಿಸಿಲಿ ರಾಜ್ಯದ ಭಾಗವಾಯಿತು. ಸಿಸಿಲಿಯ ಉಂಬಳಿ ಪದ್ಧತಿಯೂ ಅದರೊಂದಿಗೆ ಬಂತು. ಅರಸನು ತನಗೆ ಸೇವೆ ಸಲ್ಲಿಸಿದವರಿಗೆ ಭೂಮಿಯನ್ನು ಉಂಬಳಿಯಾಗಿ ಬಿಡುತ್ತಿದ್ದ. ಉಂಬಳಿ ಪಡೆದವನು ಯುದ್ಧಕಾಲದಲ್ಲಿ ಅರಸನ ಪರವಾಗಿ ಆಯುಧ ಹಿಡಿಯಬೇಕಾಗಿತ್ತು. ಕೆಲವೊಮ್ಮೆ ಇಡೀ ದ್ವೀಪವೇ ಒಬ್ಬ ಕೌಂಟನ ಪಾಲಾಗುತ್ತಿತ್ತು. 13ನೆಯ ಶತಮಾನದ ಆರಂಭದಲ್ಲಿ ಜಿನೋವಾದ ಸಾಹಸಿ ಎನ್ರಿಕೊ ಪೆಸ್ಕತೋರೆ ಮಾಲ್ಟಾದ ಕೌಂಟ್ ಎನಿಸಿಕೊಂಡಿದ್ದ.

ಇಂದಿಗೂ ಹೆಸರು ಉಳಿದಿರುವ ಪದವಿಗಳಲ್ಲಿ ಮೊದಲನೆಯದು ಜಾರ್ ಇಲ್-ಬ್ನಿಯೆತ್ ಮತ್ತು ಬುಕಾನಾದ ಬ್ಯಾರನ್ ಪದವಿ. 1350ರಲ್ಲಿ ಸಿಸಿಲಿಯ ಅರಸ ಲೂಯಿ ಈ ಉಂಬಳಿಯನ್ನು ಫ್ರಾಂಚೆಸ್ಕೊ ಗಾತೊ ಎಂಬುವನಿಗೆ ಕೊಟ್ಟ. ವಾರಸುದಾರಳ ಮದುವೆಯ ಮೂಲಕ ಅದು ಇಂಗ್ವಾನೆಜ್ ಮನೆತನಕ್ಕೆ ಹೋಯಿತು. ಮುಂದೆ ಶೆಬೆರ್ರಾಸ್ ಮನೆತನದ ಕವಲುಗಳಲ್ಲಿ ಮುಂದುವರಿಯಿತು. ಹೀಗಾಗಿ ದ್ವೀಪದ ಅತಿ ಹಳೆಯ ಪದವಿಯೇ ಹೆಣ್ಣಿನ ಮೂಲಕ ಮನೆತನದಿಂದ ಮನೆತನಕ್ಕೆ ದಾಟಿ ಬಂದಿದೆ. ಈ ಪದವಿ ಹೊಂದಿದವರನ್ನು ಮಾಲ್ಟಾದ ಕುಲೀನರಲ್ಲಿ ಮೊದಲಿಗರೆಂದು ಎಣಿಸುವುದು ವಾಡಿಕೆ.

ಈ ಕಾಲದ ಕುಲೀನರ ನೆಲೆ ಆಗಿನ ರಾಜಧಾನಿ ಮ್ದೀನಾ. ನಗರದ ಆಡಳಿತ ನೋಡಿಕೊಳ್ಳುತ್ತಿದ್ದ ಉನಿವೆರ್ಸಿತಾ ಎಂಬ ಸಭೆ ಇವರ ಹಿಡಿತದಲ್ಲಿತ್ತು. ಸಭೆಯ ಸದಸ್ಯರಾದ ಜ್ಯೂರಾಟರಾಗಿ ಧಾನ್ಯದ ಆಮದು, ಸ್ಥಳೀಯ ತೆರಿಗೆ ಮತ್ತು ಕಾವಲಿನ ಹೊಣೆಯನ್ನು ಹೊರುತ್ತಿದ್ದವರು ಇವರೇ. ನಗರದ ಮುಖ್ಯಾಧಿಕಾರಿಯನ್ನು ಜನ ಹಾಕೆಮ್ ಎಂದು ಕರೆಯುತ್ತಿದ್ದರು. ಅರಬರ ಆಳ್ವಿಕೆ ಬಿಟ್ಟುಹೋದ ಹೆಸರು ಅದು.

ಅರಸರು ಹಣಕ್ಕಾಗಿ ದ್ವೀಪವನ್ನೇ ಅಡವಿಡುತ್ತಿದ್ದುದು ಇವರ ದೊಡ್ಡ ದೂರು. 1420ರ ದಶಕದಲ್ಲಿ ಮಾಲ್ಟಾ ಹೀಗೆ ಗೊನ್ಸಾಲ್ವೊ ಮೊನ್ರೊಯ್ ಎಂಬ ಪ್ರಭುವಿನ ಕೈಸೇರಿದಾಗ ಜನ ದಂಗೆ ಎದ್ದರು. 30,000 ಫ್ಲೋರಿನ್ ಹಣ ಹೊಂದಿಸಿ ದ್ವೀಪವನ್ನು ಬಿಡಿಸಿಕೊಳ್ಳಲು ಮುಂದಾದರು. ಇನ್ನು ಮುಂದೆ ಮಾಲ್ಟಾವನ್ನು ಯಾರಿಗೂ ಪರಭಾರೆ ಮಾಡುವುದಿಲ್ಲವೆಂದು ಸಿಸಿಲಿಯನ್ನೂ ಆಳುತ್ತಿದ್ದ ಅರಗೋನಿನ ಅರಸ ಐದನೆಯ ಅಲ್ಫೋನ್ಸೊ 1428ರಲ್ಲಿ ಸನ್ನದು ಬರೆದುಕೊಟ್ಟ.

ಗ್ರ್ಯಾಂಡ್ ಮಾಸ್ಟರ್‌ಗಳ ಕಾಲ

ನೂರು ವರ್ಷ ಕಳೆದ ಮೇಲೆ ಈ ಮಾತು ಮುರಿಯಿತು. ರೋಡ್ಸ್ ದ್ವೀಪವನ್ನು ತುರ್ಕರಿಗೆ ಕಳೆದುಕೊಂಡು ನೆಲೆಯಿಲ್ಲದೆ ಅಲೆಯುತ್ತಿದ್ದ ಸಂತ ಜಾನ್ ಪಂಥದ ನೈಟ್‌ಗಳಿಗೆ ಚಕ್ರವರ್ತಿ ಐದನೆಯ ಚಾರ್ಲ್ಸ್ 1530ರಲ್ಲಿ ಮಾಲ್ಟಾ, ಗೋಜೊ ಮತ್ತು ಟ್ರಿಪೋಲಿಗಳನ್ನು ಉಂಬಳಿಯಾಗಿ ಬಿಟ್ಟುಕೊಟ್ಟ. ವರ್ಷಕ್ಕೊಂದು ಬೇಟೆಯ ಡೇಗೆಯನ್ನು ಸಿಸಿಲಿಯ ವೈಸರಾಯ್‌ಗೆ ಒಪ್ಪಿಸಬೇಕೆಂಬುದು ಕಾಣಿಕೆಯ ಷರತ್ತು. ತಮ್ಮನ್ನು ಕೇಳದೆ ಮಾಡಿದ ಈ ಏರ್ಪಾಡು ಮ್ದೀನಾದ ಕುಲೀನರಿಗೆ ಹಿಡಿಸಲಿಲ್ಲ. ಹಳೆಯ ಹಕ್ಕುಗಳನ್ನು ಕಾಪಾಡುವುದಾಗಿ ಗ್ರ್ಯಾಂಡ್ ಮಾಸ್ಟರ್ ಪ್ರಮಾಣ ಮಾಡಿದನಾದರೂ ಅಧಿಕಾರ ನಿಧಾನವಾಗಿ ಮ್ದೀನಾದಿಂದ ಜಾರಿತು. ನೈಟ್‌ಗಳು ಬಂದರಿನ ಪಕ್ಕದ ಬಿರ್ಗುವಿನಲ್ಲಿ ನೆಲೆಸಿದರು. 1565ರ ಮಹಾ ಮುತ್ತಿಗೆಯ ನಂತರ, 1566ರಲ್ಲಿ ವಲೆಟ್ಟಾ ನಗರಕ್ಕೆ ಅಡಿಗಲ್ಲು ಹಾಕಿದರು.

ಯುರೋಪಿನ ನಾನಾ ದೇಶಗಳ ಕುಲೀನರ ಮಕ್ಕಳೇ ನೈಟ್‌ಗಳಾಗಿದ್ದ ಈ ಪಂಥದಲ್ಲಿ ಮಾಲ್ಟಾದ ಕುಲೀನರಿಗೆ ಮಾತ್ರ ಪೂರ್ಣ ನೈಟ್ ದರ್ಜೆಯ ಬಾಗಿಲು ಸಾಮಾನ್ಯವಾಗಿ ಮುಚ್ಚಿತ್ತು. ಆಳುವ ಪಂಥಕ್ಕೂ ಆಳಿಸಿಕೊಳ್ಳುವ ಸ್ಥಳೀಯ ಮನೆತನಗಳಿಗೂ ನಡುವೆ ಇದರಿಂದ ಕಹಿ ಬೆಳೆಯಿತು. 1647ರಲ್ಲಿ ಜಾನ್ ಫ್ರಾನ್ಸಿಸ್ ಅಬೇಲಾ ಬರೆದ ಮಾಲ್ಟಾ ವರ್ಣನೆಯಲ್ಲಿ ಸ್ಥಳೀಯ ಕುಲೀನ ಮನೆತನಗಳ ವೃತ್ತಾಂತಕ್ಕೆ ದೊಡ್ಡ ಜಾಗ ಸಿಕ್ಕಿರುವುದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಆ ಗ್ರಂಥವನ್ನು 18ನೆಯ ಶತಮಾನದಲ್ಲಿ ಪರಿಷ್ಕರಿಸಿ ಹಿಗ್ಗಿಸಿದ ವಿದ್ವಾಂಸ ಜೊವಾನಿ ಅಂತೋನಿಯೊ ಚಿಯಾಂತಾರ್ ಸ್ವತಃ ಕೌಂಟ್ ಆಗಿದ್ದ.

18ನೆಯ ಶತಮಾನದಲ್ಲಿ ಗ್ರ್ಯಾಂಡ್ ಮಾಸ್ಟರ್‌ಗಳು ಸ್ವತಂತ್ರ ದೊರೆಗಳಂತೆ ನಡೆದುಕೊಳ್ಳತೊಡಗಿದರು. ನಾಣ್ಯ ಟಂಕಿಸುವುದು, ರಾಯಭಾರಿಗಳನ್ನು ಕಳಿಸುವುದು ಇವುಗಳ ಜೊತೆಗೆ ಪದವಿ ಕೊಡುವುದೂ ದೊರೆತನದ ಲಕ್ಷಣವಾಯಿತು. ಗ್ರ್ಯಾಂಡ್ ಮಾಸ್ಟರ್ ಪೆರೆಲ್ಲೋಸ್ 1710ರಲ್ಲಿ ಗೊಮೆರಿನೊದ ಬ್ಯಾರನ್ ಪದವಿಯನ್ನು ಟೆಸ್ಟಾಫೆರಾಟಾ ಮನೆತನಕ್ಕೂ 1716ರಲ್ಲಿ ಬುದಾಕ್‌ನ ಬ್ಯಾರನ್ ಪದವಿಯನ್ನು ಜೊ ಪಿಯೊ ದೆ ಪಿರೊಗೂ ಕೊಟ್ಟ. ಮನೋಯೆಲ್ ದ ವಿಲ್ಯೇನಾ 1726ರಲ್ಲಿ ಸಾನ್ ಮಾರ್ಚಾನೊದ ಬ್ಯಾರನ್ ಪದವಿಯನ್ನೂ ದೆಸ್ಪುಚ್ 1737ರಲ್ಲಿ ಬೆನ್‌ವರ್ರಾದ್‌ನ ಬ್ಯಾರನ್ ಪದವಿಯನ್ನೂ ಸೃಷ್ಟಿಸಿದರು. 1741ರಿಂದ 1773ರವರೆಗೆ ಆಳಿದ ಪಿಂಟೊ, 1775ರಿಂದ 1797ರವರೆಗೆ ಆಳಿದ ದ ರೋಆನ್ ಇಬ್ಬರೂ ಈ ಪದ್ಧತಿಯನ್ನು ಮುಂದುವರಿಸಿದರು. ಪದವಿಯ ಹೆಸರಿಗೆ ಒಂದು ಹೊಲದ್ದೋ ತೋಟದ್ದೋ ಹೆಸರು ಅಂಟಿರುತ್ತಿತ್ತು. ಆದರೆ ಮಧ್ಯಯುಗದ ಉಂಬಳಿಯಂತೆ ಸೈನಿಕ ಸೇವೆಯ ಹೊಣೆ ಅದರ ಹಿಂದಿರುತ್ತಿರಲಿಲ್ಲ. ಇವು ಬಹುಮಟ್ಟಿಗೆ ಗೌರವದ ಪದವಿಗಳು.

ಹೊರನಾಡಿನ ಪದವಿಗಳು ಮತ್ತು ನೋಂದಣಿ

ಮಾಲ್ಟಾದವರು ಹೊರಗಿನ ಅರಸರಿಂದಲೂ ಪದವಿ ಪಡೆದು ತರುತ್ತಿದ್ದರು. ಬುದಾಕ್‌ನ ಬ್ಯಾರನ್ ಆಗಿದ್ದ ಜೊ ಪಿಯೊ ದೆ ಪಿರೊಗೆ ಸ್ಪೇನಿನ ಐದನೆಯ ಫಿಲಿಪ್ 1742ರಲ್ಲಿ ಮಾರ್ಕ್ವಿಸ್ ಪದವಿ ಕೊಟ್ಟ. ಸಿಸಿಲಿ, ನೇಪಲ್ಸ್ ಮತ್ತು ಪೋಪರ ಆಸ್ಥಾನಗಳಿಂದ ಬಂದ ಪದವಿಗಳೂ ಇದ್ದವು. ಯಾವ ಪತ್ರ ನಿಜವಾದದ್ದು, ಸಭೆಯಲ್ಲಿ ಯಾರು ಮುಂದೆ ಕೂರಬೇಕು ಎಂಬ ಜಗಳ ಇದರಿಂದ ಹುಟ್ಟಿತು.

ಇದನ್ನು ಬಗೆಹರಿಸಲು ದೆಸ್ಪುಚ್ 1739ರಲ್ಲಿ ನಿಯಮ ಮಾಡಿದ. ದ ರೋಆನ್ 1795ರಲ್ಲಿ ಅದನ್ನು ಮತ್ತಷ್ಟು ಬಿಗಿ ಮಾಡಿದ. ಹೊರಗಿನ ಪದವಿಗೆ ಮಾಲ್ಟಾದಲ್ಲಿ ಬೆಲೆ ಬರಬೇಕಾದರೆ ಅದರ ಸನ್ನದು ಇಲ್ಲಿನ ದಫ್ತರಿನಲ್ಲಿ ನೋಂದಣಿಯಾಗಬೇಕು. ಪಂಥದ ಕಾರ್ಯಾಲಯವಾದ ಕಾಂಚೆಲ್ಲೆರಿಯಾ ಮತ್ತು ನ್ಯಾಯಾಲಯವಾದ ಕಾಸ್ತೆಲ್ಲಾನಿಯಾಗಳ ಪುಸ್ತಕಗಳಲ್ಲಿ ಈ ನೋಂದಣಿ ನಡೆಯುತ್ತಿತ್ತು. ಅಗ್ರಸ್ಥಾನವನ್ನು ನಿರ್ಧರಿಸುವಾಗ ನೋಡುತ್ತಿದ್ದುದು ಪದವಿಯ ಹಳಮೆಯನ್ನು. ಬ್ಯಾರನ್ ಕೆಳಗೆ, ಮಾರ್ಕ್ವಿಸ್ ಮೇಲೆ ಎಂಬ ಯುರೋಪಿನ ಸಾಮಾನ್ಯ ಲೆಕ್ಕ ಮಾಲ್ಟಾದಲ್ಲಿ ನಡೆಯಲಿಲ್ಲ. ಆದ್ದರಿಂದಲೇ 1350ರ ಬ್ಯಾರನ್ 18ನೆಯ ಶತಮಾನದ ಮಾರ್ಕ್ವಿಸ್‌ಗಿಂತ ಮುಂದಿನ ಸ್ಥಾನದಲ್ಲಿರುತ್ತಾನೆ.

ಫ್ರೆಂಚ್ ಆಳ್ವಿಕೆ

1798ರ ಜೂನ್ ತಿಂಗಳಲ್ಲಿ ಈಜಿಪ್ಟಿನ ದಾರಿಯಲ್ಲಿದ್ದ ನೆಪೋಲಿಯನ್ ಮಾಲ್ಟಾವನ್ನು ಹಿಡಿದ. ಗ್ರ್ಯಾಂಡ್ ಮಾಸ್ಟರ್ ಹೊಂಪೆಶ್ ಶರಣಾದ. ಒಂದೇ ವಾರದ ವಾಸ್ತವ್ಯದಲ್ಲಿ ನೆಪೋಲಿಯನ್ ಹೊರಡಿಸಿದ ಆಜ್ಞೆಗಳಲ್ಲಿ ಗುಲಾಮಗಿರಿಯ ನಿರ್ಮೂಲನೆಯ ಜೊತೆಗೆ ಕುಲೀನ ಪದವಿಗಳ ರದ್ದತಿಯೂ ಸೇರಿತ್ತು. ಆದರೆ ಚರ್ಚಿನ ಸೊತ್ತಿಗೆ ಕೈಹಾಕಿದ್ದು ಫ್ರೆಂಚರಿಗೆ ಮುಳುವಾಯಿತು. ಸೆಪ್ಟೆಂಬರ್ 2ರಂದು ಮ್ದೀನಾದಲ್ಲಿ ದಂಗೆ ಎದ್ದಿತು. ಎರಡು ವರ್ಷಗಳ ದಿಗ್ಬಂಧನದ ಬಳಿಕ 1800ರ ಸೆಪ್ಟೆಂಬರಿನಲ್ಲಿ ಫ್ರೆಂಚ್ ಪಡೆ ಬ್ರಿಟಿಷರಿಗೆ ಶರಣಾಯಿತು. ಆಮೇಲೆ ಕುಲೀನರು ತಮ್ಮ ಪದವಿಗಳನ್ನು ಮೊದಲಿನಂತೆಯೇ ಬಳಸತೊಡಗಿದರು. ನೆಪೋಲಿಯನ್ನನ ಆಜ್ಞೆಗೆ ಶಾಶ್ವತ ಪರಿಣಾಮ ಉಳಿಯಲಿಲ್ಲ.

ಬ್ರಿಟಿಷರ ಕಾಲ ಮತ್ತು 1878ರ ವರದಿ

ದ್ವೀಪದ ಮುಂದಿನ ಗತಿಯನ್ನು ಚರ್ಚಿಸಲು ಲಂಡನ್ನಿಗೆ ಹೋದ ಮಾಲ್ಟಾದ ನಿಯೋಗದಲ್ಲಿ ಮಾರ್ಕ್ವಿಸ್ ಮಾರಿಯೊ ಟೆಸ್ಟಾಫೆರಾಟಾ ಇದ್ದ. 1814ರ ಪ್ಯಾರಿಸ್ ಒಪ್ಪಂದದಿಂದ ಮಾಲ್ಟಾ ಬ್ರಿಟಿಷ್ ವಸಾಹತು ಎಂಬುದು ಖಚಿತವಾಯಿತು. ಗವರ್ನರ್ ಥಾಮಸ್ ಮೈಟ್ಲೆಂಡ್ ಕುಲೀನರ ಹಳೆಯ ಆಸರೆಯಾಗಿದ್ದ ಉನಿವೆರ್ಸಿತಾವನ್ನು ಮುಚ್ಚಿಸಿದ. ಅದೇ ಹೊತ್ತಿಗೆ, 1818ರಲ್ಲಿ, ಮಾಲ್ಟಾ ಮತ್ತು ಅಯೋನಿಯನ್ ದ್ವೀಪಗಳ ಗಣ್ಯರನ್ನು ಗೌರವಿಸಲೆಂದು ಸಂತ ಮೈಕೇಲ್ ಮತ್ತು ಸಂತ ಜಾರ್ಜ್ ಹೆಸರಿನ ಗೌರವ ಶ್ರೇಣಿ ಸ್ಥಾಪನೆಯಾಯಿತು. ಪಡೆದವನ ಜೀವಿತಕಾಲಕ್ಕೆ ಮಾತ್ರ ಸಲ್ಲುವ ಗೌರವ ಅದು. ಅಧಿಕಾರ ಕಿತ್ತುಕೊಂಡು ಪದಕ ಕೊಟ್ಟ ಈ ನಡೆಯಲ್ಲಿ ವಸಾಹತು ಆಡಳಿತದ ಜಾಣತನ ಕಾಣುತ್ತದೆ.

ತಮ್ಮ ಪದವಿ ಮತ್ತು ಅಗ್ರಸ್ಥಾನಗಳಿಗೆ ಸರ್ಕಾರ ಬೆಲೆ ಕೊಡುತ್ತಿಲ್ಲವೆಂಬ ಕುಲೀನರ ದೂರು ಬೆಳೆಯುತ್ತ ಹೋಗಿ 1870ರ ದಶಕದಲ್ಲಿ ವಿಚಾರಣಾ ಆಯೋಗದ ನೇಮಕಕ್ಕೆ ಕಾರಣವಾಯಿತು. ಅದರ ವರದಿ 1878ರಲ್ಲಿ ಬ್ರಿಟಿಷ್ ಸಂಸತ್ತಿನ ಮುಂದೆ ಬಂತು. ಆಯೋಗ ಪ್ರತಿಯೊಂದು ಪದವಿಯನ್ನೂ ಬಿಡಿಯಾಗಿ ಪರಿಶೀಲಿಸಿತು. ಮೂಲ ಸನ್ನದು ಇದೆಯೇ, ಹೊರಗಿನದಾದರೆ ನೋಂದಣಿ ಆಗಿದೆಯೇ, ಹಕ್ಕು ಕೇಳುವವರು ಮೊದಲ ಪಡೆದವನಿಂದ ಸನ್ನದು ಹೇಳುವ ಕ್ರಮದಲ್ಲೇ ಇಳಿದುಬಂದವರೇ ಎಂಬುದು ಅದರ ಮುಂದಿದ್ದ ಪ್ರಶ್ನೆಗಳು. ಕೆಲವು ಸನ್ನದುಗಳಲ್ಲಿ ಪದವಿಯನ್ನು ವಂಶಜರಿಗೆ ಎಂದು ಸಾರಾಸಗಟಾಗಿ ಬರೆದಿತ್ತು. ಅಂಥ ಪದವಿ ಒಂದು ಕಾಲಕ್ಕೆ ಒಬ್ಬರಿಗೋ, ಎಲ್ಲ ವಂಶಜರಿಗೂ ಒಟ್ಟಿಗೋ ಎಂಬ ತಕರಾರು ಎದ್ದಿತು. ಇಂದು ಈ ಪದವಿಗಳ ಅಧ್ಯಯನ ಮಾಡುವವರೆಲ್ಲ 1878ರ ವರದಿಯಿಂದಲೇ ಶುರುಮಾಡುತ್ತಾರೆ. ಮಾನ್ಯತೆ ಪಡೆದ ಪದವಿಗಳ ಪಟ್ಟಿಯನ್ನು ಕಾಯುವ ಕೆಲಸವನ್ನು ಕುಲೀನರದೇ ಆದ ಹಕ್ಕುಬಾಧ್ಯತೆಗಳ ಸಮಿತಿ ನೋಡಿಕೊಳ್ಳುತ್ತ ಬಂದಿದೆ.

ರಾಜಕೀಯ ಪ್ರಾತಿನಿಧ್ಯವೂ ಕೆಲಕಾಲ ದೊರೆಯಿತು. 1887ರ ಸಂವಿಧಾನದ ಪ್ರಕಾರ ಸರ್ಕಾರಿ ಮಂಡಲಿಯಲ್ಲಿ ಪಾದ್ರಿಗಳು, ಪದವೀಧರರು, ವರ್ತಕರಂತೆ ಕುಲೀನರಿಗೂ ಒಂದು ಪ್ರತ್ಯೇಕ ಸ್ಥಾನವಿತ್ತು. 1921ರ ಸಂವಿಧಾನ 17 ಸದಸ್ಯರ ಸೆನೆಟ್ ರಚಿಸಿದಾಗ ಅದರಲ್ಲಿ 2 ಸ್ಥಾನ ಕುಲೀನರಿಗೆ ಮೀಸಲಾಯಿತು. ಆ ಸಂವಿಧಾನ 1936ರಲ್ಲಿ ರದ್ದಾಯಿತು. 1947ರಲ್ಲಿ ಬಂದ ಹೊಸ ಸಂವಿಧಾನದಲ್ಲಿ ಒಂದೇ ಸದನ. ಅಲ್ಲಿಗೆ ಕುಲೀನರ ಮೀಸಲು ಸ್ಥಾನಗಳ ಕಥೆ ಮುಗಿಯಿತು.

ಉತ್ತರಾಧಿಕಾರದ ನಿಯಮಗಳು

ಪದವಿ ಹೊಂದಿದವರು ತೀರಿಕೊಂಡಾಗ ಮೊದಲು ನೋಡಬೇಕಾದ್ದು ಸನ್ನದು. ಸನ್ನದುಗಳಲ್ಲಿ ಸಾಮಾನ್ಯವಾಗಿ ಮೂರು ಬಗೆಯ ಒಕ್ಕಣೆ ಕಾಣುತ್ತದೆ.

ಮೊದಲನೆಯದು ಗಂಡು ಸಂತಾನಕ್ಕೆ ಮಾತ್ರ ಸೀಮಿತವಾದದ್ದು. ಗಂಡಿನಿಂದ ಗಂಡಿಗೆ ಇಳಿದುಬರುವ ಸಾಲು ಮುಗಿದರೆ ಪದವಿಯೂ ಮುಗಿಯಿತು.

ಎರಡನೆಯದು ಸಾಮಾನ್ಯ ಜ್ಯೇಷ್ಠಾಧಿಕಾರ. ಇದರಲ್ಲಿ ನಾಲ್ಕು ಅಂಶಗಳನ್ನು ಒಂದಾದ ಮೇಲೊಂದರಂತೆ ನೋಡುತ್ತಾರೆ: ವಂಶದ ಸಾಲು, ಸಂಬಂಧದ ಹತ್ತಿರ, ಗಂಡೋ ಹೆಣ್ಣೋ ಎಂಬುದು, ಕೊನೆಗೆ ವಯಸ್ಸು. ಒಬ್ಬ ಬ್ಯಾರನನಿಗೆ ಇಬ್ಬರು ಗಂಡುಮಕ್ಕಳು, ಒಬ್ಬ ಹಿರಿಯ ಮಗಳು ಇದ್ದಾರೆ ಎಂದಿಟ್ಟುಕೊಳ್ಳೋಣ. ಮಗಳು ಎಲ್ಲರಿಗಿಂತ ದೊಡ್ಡವಳಾದರೂ ಒಡಹುಟ್ಟಿದವರ ನಡುವೆ ಗಂಡಿಗೆ ಆದ್ಯತೆ ಇರುವುದರಿಂದ ಹಿರಿಯ ಮಗ ವಾರಸುದಾರ. ಆ ಹಿರಿಯ ಮಗ ತಂದೆ ಬದುಕಿರುವಾಗಲೇ ಒಬ್ಬಳೇ ಮಗಳನ್ನು ಬಿಟ್ಟು ತೀರಿಕೊಂಡರೆ, ಪದವಿ ಹೋಗುವುದು ಆ ಮೊಮ್ಮಗಳಿಗೆ, ಅವಳ ಚಿಕ್ಕಪ್ಪನಿಗಲ್ಲ. ಏಕೆಂದರೆ ಹಿರಿಯ ಮಗನ ಸಾಲು ಇನ್ನೂ ಉಳಿದಿದೆ, ಲಿಂಗದ ಪ್ರಶ್ನೆ ಏಳುವುದು ಸಾಲು ತೀರ್ಮಾನವಾದ ಬಳಿಕ. ಇದೇ ಪದವಿ ಮೊದಲನೆಯ ಬಗೆಯದಾಗಿದ್ದರೆ ಚಿಕ್ಕಪ್ಪನೇ ಬ್ಯಾರನ್ ಆಗುತ್ತಿದ್ದ.

ಮೂರನೆಯದು ನಾಮನಿರ್ದೇಶನದ ಹಕ್ಕು. ಪದವಿ ಹೊಂದಿದವನು ಉಯಿಲು ಅಥವಾ ನೋಟರಿಯ ಮುಂದೆ ಮಾಡಿದ ಪತ್ರದ ಮೂಲಕ ತನ್ನ ನಂತರದವರನ್ನು ಆರಿಸಬಹುದು. ಸನ್ನದು ಹಾಕಿದ ಎಲ್ಲೆಯೊಳಗೆ ಮಾತ್ರ ಈ ಆಯ್ಕೆ ನಡೆಯುತ್ತದೆ. ಹೊರನಾಡಿನ ಪದವಿಗಳ ವಿಷಯದಲ್ಲಿ ಪದವಿ ಕೊಟ್ಟ ರಾಜ್ಯದ ಪದ್ಧತಿಯನ್ನೂ ಗಮನಿಸಬೇಕಾಗುತ್ತದೆ.

ಹೆಣ್ಣಿನ ಮೂಲಕ ಪದವಿ ಸಾಗುವುದು ಸಾಧ್ಯವಿದ್ದುದರಿಂದ ಮಾಲ್ಟಾದ ಕುಲೀನರಲ್ಲಿ ಜೋಡು ಮನೆತನದ ಹೆಸರುಗಳು ಹೆಚ್ಚು. ಶೆಬೆರ್ರಾಸ್ ಟ್ರಿಗೋನಾ, ಅಪಾಪ್ ಬೊಲೊನ್ಯಾ, ಟೆಸ್ಟಾಫೆರಾಟಾ ಮೊರೋನಿ ವಿಯಾನಿ ಮುಂತಾದ ಹೆಸರುಗಳು ಮನೆತನಗಳ ನಡುವಿನ ನೆಂಟಸ್ತಿಕೆ ಮತ್ತು ವಾರಸುದಾರಿಕೆಯ ಗುರುತುಗಳು.

ಪದವಿ ಬೇರೆ, ಆಸ್ತಿ ಬೇರೆ ಎಂಬುದನ್ನೂ ನೆನಪಿಡಬೇಕು. ಅನೇಕ ಮನೆತನಗಳು ಮಾರಲಾಗದ, ಪಾಲು ಮಾಡಲಾಗದ ವಂಶಪಾರಂಪರ್ಯ ಆಸ್ತಿಗಳನ್ನು ಕಟ್ಟಿಟ್ಟಿದ್ದವು. 1784ರಲ್ಲಿ ಹೊರಬಂದ ದ ರೋಆನ್ ಸಂಹಿತೆಯಲ್ಲಿ ಇಂಥ ಆಸ್ತಿಗಳ ಬಗ್ಗೆ ವಿವರವಾದ ನಿಯಮಗಳಿದ್ದವು. ಪದವಿಯ ಜಗಳದ ಹಿಂದೆ ಬಹಳ ಸಲ ಈ ಹೊಲಮನೆಗಳ ಜಗಳ ಇರುತ್ತಿತ್ತು. ವಸಾಹತು ಕಾಲದಲ್ಲಿ ಅಂತಿಮ ಮೇಲ್ಮನವಿ ಲಂಡನ್ನಿನ ಪ್ರಿವಿ ಕೌನ್ಸಿಲ್‌ಗೆ ಹೋಗುತ್ತಿದ್ದುದರಿಂದ ಮಾಲ್ಟಾದ ಮನೆತನಗಳ ವಂಶವೃಕ್ಷಗಳು ಅಲ್ಲಿನ ನ್ಯಾಯಾಧೀಶರ ಮೇಜಿನ ಮೇಲೂ ಹರಡಿಕೊಂಡವು.

ಒಂದು ಉದಾಹರಣೆ: ಕೌಂಟ್ ಡೆಲ್ಲಾ ಕಟೇನಾ

ಸನ್ನದಿನ ಒಕ್ಕಣೆ ಎಷ್ಟು ನಿರ್ಣಾಯಕ ಎಂಬುದಕ್ಕೆ ಕೌಂಟ್ ಡೆಲ್ಲಾ ಕಟೇನಾ ಪದವಿ ಒಳ್ಳೆಯ ನಿದರ್ಶನ. ಗ್ರ್ಯಾಂಡ್ ಮಾಸ್ಟರ್ ಪಿಂಟೊ 1745ರಲ್ಲಿ ಇದನ್ನು ಪಿಯೆತ್ರೊ ಗಾಯೆತಾನೊ ಪೆರ್ದಿಕೊಮಾತಿ ಬೊಲೊನ್ಯಾ ಎಂಬುವನಿಗೆ ಕೊಟ್ಟ. ಅತ್ತಾರ್ದ್ ಗ್ರಾಮದಲ್ಲಿರುವ ವಿಲ್ಲಾ ಬೊಲೊನ್ಯಾ ಈ ಮನೆತನದ ಹೆಸರನ್ನು ಹೊತ್ತಿದೆ. ಐದನೆಯ ಕೌಂಟ್ ಸರ್ ನಿಕೋಲಸ್ ಶೆಬೆರ್ರಾಸ್ ಬೊಲೊನ್ಯಾ 1875ರಲ್ಲಿ ತೀರಿಕೊಂಡಾಗ ಪದವಿ ಅವನ ಸಂಬಂಧಿ ಲೂಯಿಸಾ ಬೊನಿಚಿ ಮೊಂಪಲಾವೊಳ ಮಗ ಜೆರಾಲ್ಡ್ ಸ್ಟ್ರಿಕ್‌ಲ್ಯಾಂಡ್‌ಗೆ ಬಂತು. ಲೂಯಿಸಾ ಇಂಗ್ಲಿಷ್ ನೌಕಾಧಿಕಾರಿ ವಾಲ್ಟರ್ ಸ್ಟ್ರಿಕ್‌ಲ್ಯಾಂಡ್‌ನನ್ನು ಮದುವೆಯಾಗಿದ್ದಳು. 1861ರಲ್ಲಿ ವಲೆಟ್ಟಾದಲ್ಲಿ ಹುಟ್ಟಿದ ಜೆರಾಲ್ಡ್‌ಗೆ ಆಗ ಇನ್ನೂ 14 ವರ್ಷ. ಬೊಲೊನ್ಯಾ ಮನೆತನದ ವಾರಸುದಾರಿಕೆಯ ವ್ಯಾಜ್ಯ ಪ್ರಿವಿ ಕೌನ್ಸಿಲ್‌ವರೆಗೂ ಹೋಯಿತು. ಪದವಿ ಜೆರಾಲ್ಡ್‌ನಲ್ಲೇ ಉಳಿಯಿತು.

ಮುಂದೆ ಈತ ಮಾಲ್ಟಾದ ಮುಖ್ಯ ಕಾರ್ಯದರ್ಶಿಯಾದ. ಲೀವರ್ಡ್ ದ್ವೀಪಗಳಲ್ಲಿ, ಆಮೇಲೆ ಆಸ್ಟ್ರೇಲಿಯಾದ ಟಾಸ್ಮೇನಿಯ, ಪಶ್ಚಿಮ ಆಸ್ಟ್ರೇಲಿಯ ಮತ್ತು ನ್ಯೂ ಸೌತ್ ವೇಲ್ಸ್‌ಗಳಲ್ಲಿ ಗವರ್ನರ್ ಆಗಿದ್ದ. 1927ರಿಂದ 1932ರವರೆಗೆ ಮಾಲ್ಟಾದ ಪ್ರಧಾನಮಂತ್ರಿಯಾಗಿದ್ದಾಗ ಚರ್ಚಿನೊಂದಿಗೆ ನಡೆಸಿದ ತೀವ್ರ ಸಂಘರ್ಷ ದ್ವೀಪದ ರಾಜಕೀಯವನ್ನೇ ಅಲುಗಿಸಿತು. 1928ರಲ್ಲಿ ಬ್ರಿಟಿಷ್ ಸರ್ಕಾರ ಈತನಿಗೆ ಬ್ಯಾರನ್ ಸ್ಟ್ರಿಕ್‌ಲ್ಯಾಂಡ್ ಎಂಬ ಪದವಿಯನ್ನೂ ಕೊಟ್ಟಿತು.

ಹೀಗೆ ಒಬ್ಬನೇ ಮನುಷ್ಯನಲ್ಲಿ ಎರಡು ಪದವಿಗಳು ಕೂಡಿದವು. 1940ರಲ್ಲಿ ಈತ ವಿಲ್ಲಾ ಬೊಲೊನ್ಯಾದಲ್ಲಿ ನಿಧನನಾದಾಗ ಗಂಡುಮಕ್ಕಳು ಉಳಿದಿರಲಿಲ್ಲ, ಹೆಣ್ಣುಮಕ್ಕಳಿದ್ದರು. ಬ್ರಿಟಿಷ್ ಬ್ಯಾರನ್ ಪದವಿ ಗಂಡು ಸಂತಾನಕ್ಕೆ ಮಾತ್ರ ಸಲ್ಲುವಂಥದ್ದು, ಅದು ಅಂದೇ ಕೊನೆಗೊಂಡಿತು. ತಾಯಿಯ ಕಡೆಯಿಂದ ಬಂದಿದ್ದ ಮಾಲ್ಟಾದ ಕೌಂಟ್ ಪದವಿ ಮಗಳ ಕವಲಾದ ಹೋರ್ನಿಯೋಲ್ಡ್-ಸ್ಟ್ರಿಕ್‌ಲ್ಯಾಂಡ್ ಮನೆತನದಲ್ಲಿ ಮುಂದುವರಿಯಿತು. ಇನ್ನೊಬ್ಬ ಮಗಳು ಮೇಬಲ್ ಸ್ಟ್ರಿಕ್‌ಲ್ಯಾಂಡ್ ಪತ್ರಿಕೋದ್ಯಮ ಮತ್ತು ರಾಜಕೀಯದಲ್ಲಿ ಹೆಸರಾದಳು.

ಸಂಬೋಧನೆಯ ಪದ್ಧತಿ

ಪದವಿ ಒಬ್ಬರದೇ ಆದರೂ ಅದರ ನೆರಳು ಮನೆಯವರ ಮೇಲೂ ಬೀಳುತ್ತದೆ. ಬಹಳ ಕಾಲ ಇಟಾಲಿಯನ್ ದ್ವೀಪದ ವಿದ್ಯಾವಂತರ ಭಾಷೆಯಾಗಿದ್ದುದರಿಂದ ಸಂಬೋಧನೆಗಳೂ ಇಟಾಲಿಯನ್ನಿನವೇ. ಮಾರ್ಕ್ವಿಸ್‌ನ ಹೆಂಡತಿ ಮಾರ್ಕೇಸಾ, ಕೌಂಟನ ಹೆಂಡತಿ ಕೊಂತೆಸ್ಸಾ, ಬ್ಯಾರನನ ಹೆಂಡತಿ ಬರೊನೆಸ್ಸಾ. ವಾರಸುದಾರ ಮಗನನ್ನು ಕ್ರಮವಾಗಿ ಮಾರ್ಕೆಸೀನೊ, ಕೊಂತೀನೊ, ಬರೊನ್ಚೀನೊ ಎನ್ನುತ್ತಾರೆ. ಸ್ವಂತ ಹಕ್ಕಿನಿಂದ ಪದವಿ ಪಡೆದ ಹೆಣ್ಣಿಗೂ ಮಾರ್ಕೇಸಾ, ಕೊಂತೆಸ್ಸಾ, ಬರೊನೆಸ್ಸಾ ಎಂಬವೇ ಸಲ್ಲುತ್ತವೆ.

ಗಣರಾಜ್ಯದ ನಿಲುವು

ಮಾಲ್ಟಾ 1964ರ ಸೆಪ್ಟೆಂಬರ್ 21ರಂದು ಸ್ವತಂತ್ರವಾಯಿತು. 1974ರ ಡಿಸೆಂಬರ್ 13ರಂದು ಗಣರಾಜ್ಯವಾಯಿತು. ಮರುವರ್ಷ ಜಾರಿಗೆ ಬಂದ ಜೀಹ್ ಇರ್-ರೆಪುಬ್ಲಿಕಾ ಕಾಯಿದೆ ದೇಶದ ಹೊಸ ಗೌರವ ಪುರಸ್ಕಾರಗಳನ್ನು ಏರ್ಪಡಿಸಿತು. ಅದರ ಜೊತೆಯಲ್ಲೇ, ಯಾವ ಸರ್ಕಾರಿ ಅಧಿಕಾರಿಯೂ ಸಂಸ್ಥೆಯೂ ಕುಲೀನ ಪದವಿಯನ್ನು ಮಾನ್ಯ ಮಾಡಬಾರದು, ಮಾನ್ಯ ಮಾಡಿದಂತೆ ತೋರುವ ಕೆಲಸವನ್ನೂ ಮಾಡಬಾರದು ಎಂದು ವಿಧಿಸಿತು. ನೆಪೋಲಿಯನ್ನನ ಆಜ್ಞೆ ಪದವಿಗಳನ್ನೇ ರದ್ದುಮಾಡಲು ಹೊರಟಿತ್ತು. 1975ರ ಕಾಯಿದೆ ಸರ್ಕಾರದ ಕೈಯನ್ನಷ್ಟೇ ಹಿಂದಕ್ಕೆ ಎಳೆದುಕೊಂಡಿತು. ಖಾಸಗಿಯಾಗಿ ಪದವಿಯನ್ನು ಬಳಸುವುದು ಅಪರಾಧವಾಗಲಿಲ್ಲ.

ಹೀಗಾಗಿ ಇಂದು ಉತ್ತರಾಧಿಕಾರದ ಪ್ರಶ್ನೆಗಳು ಕುಲೀನರ ಸಮಿತಿ ಮತ್ತು ವಂಶಾವಳಿ ತಜ್ಞರ ವಲಯದಲ್ಲೇ ಚರ್ಚೆಯಾಗುತ್ತವೆ. ಆಧಾರಕ್ಕೆ ಬೇಕಾದ ಕಾಗದಪತ್ರಗಳಿಗೆ ಮಾಲ್ಟಾದಲ್ಲಿ ಕೊರತೆಯಿಲ್ಲ. ಸಂತ ಜಾನ್ ಪಂಥದ ದಾಖಲೆಗಳು ವಲೆಟ್ಟಾದ ರಾಷ್ಟ್ರೀಯ ಗ್ರಂಥಾಲಯದಲ್ಲಿವೆ. ಹಳೆಯ ನ್ಯಾಯಾಲಯಗಳ ಕಡತಗಳು ಮ್ದೀನಾದ ಬಾಂಕಾ ಜುರಾತಾಲೆ ಕಟ್ಟಡದಲ್ಲಿವೆ. ಉಯಿಲು ಮತ್ತು ಮದುವೆ ಕರಾರುಗಳು ನೋಟರಿ ದಫ್ತರಖಾನೆಯಲ್ಲೂ ಹುಟ್ಟು, ಮದುವೆ, ಸಾವುಗಳ ವಿವರ ಚರ್ಚುಗಳ ಪುಸ್ತಕಗಳಲ್ಲೂ ಸಿಗುತ್ತವೆ.

ಈ ಪದವಿಗಳಿಂದ ಇಂದು ಭೂಮಿಯಾಗಲಿ, ತೆರಿಗೆ ರಿಯಾಯಿತಿಯಾಗಲಿ, ಶಾಸನಸಭೆಯಲ್ಲಿ ಸ್ಥಾನವಾಗಲಿ ದೊರೆಯುವುದಿಲ್ಲ. ಕಾನೂನಿನ ಕಣ್ಣಿನಲ್ಲಿ ಮಾಲ್ಟಾದ ಬ್ಯಾರನ್‌ಗೂ ಉಳಿದ ಪ್ರಜೆಗಳಿಗೂ ಯಾವ ವ್ಯತ್ಯಾಸವೂ ಇಲ್ಲ.